ಒಂದು ಉಸಿರು, ಎರಡು ಹೆಸರು

"ಇದನ್ನ ಬರೆದೋರು ಯಾರು?" ಎಂದಳು ಡಾಕ್ಟರ್ ಯಾಳಿನಿ, ಶವಪರೀಕ್ಷೆಯ ವರದಿಯ ಮೂರನೆಯ ಹಾಳೆಯಿಂದ ಕಣ್ಣೆತ್ತದೆ.

"ತಂಜಾವೂರು ದೊಡ್ಡಾಸ್ಪತ್ರೆಯೋರು. ಯಾಕೆ, ತಪ್ಪಿದೆಯಾ?"

"ತಪ್ಪಿದ್ರೆ ಚೆನ್ನಾಗಿತ್ತು ಅಕ್ಕಾ."

ಇನ್‌ಸ್ಪೆಕ್ಟರ್ ಪೂಂಗೊಡಿ ಕ್ಲಿನಿಕ್ಕಿನ ಗೋಡೆಯ ಗಡಿಯಾರ ನೋಡಿದಳು. ಒಂದು ಗಂಟೆಗೆ ಇನ್ನು ಹತ್ತು ನಿಮಿಷ. ಸಂಜೆ ನಾಲ್ಕರೊಳಗೆ ಕದಿರವನ್ನನ್ನು ಒಂದೋ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇಲ್ಲವೇ ಬಿಟ್ಟು ಕಳಿಸಬೇಕು. ನಿಲ್ಲಿಸಿದರೆ ಇಪ್ಪತ್ತನಾಲ್ಕು ವರ್ಷದ ಆ ಹುಡುಗ ಕೊಲೆಗಾರ ಎನಿಸಿಕೊಂಡು ತಿರುಚ್ಚಿಯ ಜೈಲಿಗೆ ಹೋಗುತ್ತಾನೆ. ಅಲ್ಲಿಂದ ಬಂದವನ ನಾಗಸ್ವರವನ್ನು ಯಾವ ಮದುವೆಮನೆಯೂ ಕರೆಯುವುದಿಲ್ಲ.

ಮೂರು ದಿನದ ಹಿಂದೆ, ಆಗಸ್ಟ್ ಇಪ್ಪತ್ತರ ಮಧ್ಯಾಹ್ನ, ತಿರುನಲ್ಲಾಡಿಯ ನಾಗಸ್ವರ ವಿದ್ವಾನ್ ಸಿಂಗಾರವೇಲು ತಮ್ಮ ಮನೆಯ ನಡುಕೋಣೆಯಲ್ಲಿ ಸತ್ತಿದ್ದರು. ಆಗ ಜೊತೆಗಿದ್ದವನು ಅವರ ಸೋದರಳಿಯ, ಶಿಷ್ಯ, ಎರಡನೇ ನಾಗಸ್ವರ ಊದುವ ಕದಿರವನ್ ಒಬ್ಬನೇ. ಹೆಣದ ಎರಡು ತೋಳಿನ ಮೇಲೂ ನೇರಳೆಹಣ್ಣು ಜಜ್ಜಿದಂಥ ಹನ್ನೊಂದು ಕಲೆಗಳು. ಹಿಂದಿನ ವಾರ "ಇನ್ನು ನೀವು ಊದಬೇಡಿ" ಎಂದು ಅವನು ಮಾಮನ ಮೇಲೆ ಕೂಗಾಡಿದ್ದನ್ನು ಬೀದಿಯೇ ಕೇಳಿತ್ತು.

ಅಷ್ಟು ಸಾಕಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಅದು. ಗುರುವಿನ ಜಾಗದ ಆಸೆಗೆ ಶಿಷ್ಯ ಗುರುವನ್ನೇ ಬಡಿದು ಕೊಂದ ಎಂದು ಬೀದಿ ತೀರ್ಪು ಕೊಟ್ಟಿತು. ಮೇಲಿನ ಸಾಹೇಬರು ಕೂಡ ಬೀದಿಯ ಮಾತನ್ನೇ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರು.

ಹುಡುಗ ಬಾಯಿ ಬಿಟ್ಟಿರಲಿಲ್ಲ. ಲಾಕಪ್ಪಿನಲ್ಲಿ ಅನ್ನ ಮುಟ್ಟಿರಲಿಲ್ಲ. ನಿನ್ನೆಯಿಂದ ಆಡಿದ್ದು ಒಂದೇ ಮಾತು: "ಮಾಮನ ವಾದ್ಯ ಬಿಸಿಲಲ್ಲಿ ಇಡಬೇಡಿ."

"ಅವನು ಹೊಡೆದಿಲ್ಲ," ಎಂದಳು ಯಾಳಿನಿ. "ಈ ಕಲೆ ಹೊಡೆತದ್ದಲ್ಲ. ಚರ್ಮ ಈರುಳ್ಳಿ ಸಿಪ್ಪೆ ಹಾಗೆ ತೆಳ್ಳಗಾಗಿದೆ ಅಂತ ಬರೆದಿದಾರೆ ನೋಡಿ. ಇಂಥೋರನ್ನ ಕೈ ಹಿಡಿದು ಎಬ್ಬಿಸಿದ್ರೂ ಹೆಬ್ಬೆರಳಿನ ಗುರುತು ನಿಲ್ಲುತ್ತೆ."

"ಹಾಗಾದ್ರೆ ಸತ್ತಿದ್ದು ಯಾತರಿಂದ?"

ಯಾಳಿನಿ ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಮೂತ್ರಪಿಂಡದ ನೆತ್ತಿ ಮೇಲೆ ಟೋಪಿ ಥರ ಒಂದೊಂದು ಗ್ರಂಥಿ ಇರುತ್ತೆ. ಜ್ವರ ಬಂದಾಗ, ಮೈ ಸೋತಾಗ, ಜೀವ ಹಿಡಿದು ನಿಲ್ಲಿಸೋ ರಸ ಅಲ್ಲಿಂದ ಬರ್ಬೇಕು. ದೊಡ್ಡಪ್ಪಂದು ಎರಡೂ ಬಾಡಿ ಹೋಗಿದೆ. ಕೊನೇ ದಿನ ವಾಂತಿ, ತಲೆಸುತ್ತು, ಎದ್ದು ನಿಲ್ಲಕ್ಕಾಗ್ತಿರಲಿಲ್ಲ ಅಂತ ದೊಡ್ಡಮ್ಮ ಹೇಳಿದ್ರಲ್ಲ, ಅದು ಇದೇ. ರಕ್ತದೊತ್ತಡ ಕುಸಿದು ಹೋಗಿದಾರೆ."

ಸಿಂಗಾರವೇಲು ಅವಳಿಗೆ ರಕ್ತಸಂಬಂಧದ ದೊಡ್ಡಪ್ಪನಲ್ಲ. ಅವಳ ಅಪ್ಪ ಕಲಿಯಪೆರುಮಾಳ್ ಮೂವತ್ತೈದು ವರ್ಷ ಅವರ ಪಕ್ಕದಲ್ಲಿ ಕೂತು ತವಿಲು ನುಡಿಸಿದವರು. ಡೋಲು ಬಾರಿಸುವವನ ಮಗಳು ಡಾಕ್ಟರಾದಾಗ ಊರಿನಲ್ಲಿ ಮೊದಲು ಸಿಹಿ ಹಂಚಿದ್ದು ಸಿಂಗಾರವೇಲು.

"ಗ್ರಂಥಿ ಯಾಕೆ ಬಾಡುತ್ತೆ?"

"ಅದೇ ರಸ ಹೊರಗಿಂದ ಸ್ಟೀರಾಯ್ಡ್ ರೂಪದಲ್ಲಿ ತಿಂಗಳುಗಟ್ಟಲೆ ಬರ್ತಾ ಇದ್ರೆ. ಮನೆಗೆ ದಿನಾ ಹೋಟೆಲ್ ಊಟ ಬಂದ್ರೆ ಒಲೆ ಹಚ್ಚೋರು ಯಾರು? ಆಮೇಲೆ ಒಂದಿನ ಹೋಟೆಲ್ ಮುಚ್ಚಿದ್ರೆ ಉಪವಾಸವೇ. ಆದ್ರೆ ನಾನು ಅವರಿಗೆ ಸ್ಟೀರಾಯ್ಡ್ ಕೊಟ್ಟೇ ಇಲ್ಲ."

"ಉಬ್ಬಸದ ಪಂಪಿನಲ್ಲಿ ಅದು ಇರುತ್ತೆ ಅಂತಾರಲ್ಲ?"

"ಇರುತ್ತೆ. ಬಾಯಲ್ಲಿಟ್ಟು ಎಳೆದ್ರೆ ಎದೆಯೊಳಗೇ ಕೆಲಸ ಮುಗಿಸುತ್ತೆ. ರಕ್ತಕ್ಕೆ ಇಳಿದ ಚೂರುಪಾರನ್ನ ಲಿವರ್ ಅವತ್ತವತ್ತೇ ಕತ್ತರಿಸಿ ಬಿಸಾಕುತ್ತೆ. ಅದರಿಂದ ಇಷ್ಟೆಲ್ಲ ಆಗಲ್ಲ. ಲಿವರಿನ ಕೈ ಕಟ್ಟಿಹಾಕೋ ಇನ್ನೊಂದು ಔಷಧಿ ಜೊತೆಗಿದ್ರೆ ಮಾತ್ರ..."

ಅವಳು ಮೇಜಿನ ಮೇಲಿದ್ದ ತನ್ನ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಯಾವ ಔಷಧಿ ಅದು?"

"ನಾನು ಕೊಟ್ಟಿದ್ದು."

ಪೂಂಗೊಡಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಸರಿಸಿಕೊಂಡಳು. ಪೊಲೀಸರಿಗೆ ಬರುವ ವಿದ್ಯೆಗಳಲ್ಲಿ ಸುಮ್ಮನಿರುವುದು ದೊಡ್ಡದು, ಅವಳಿಗದು ಚೆನ್ನಾಗಿ ಬರುತ್ತಿತ್ತು.

"ಎದೇಲಿ ಕಫ ಕಟ್ಟಿ ಸೋಂಕು ಕೂತಿತ್ತು. ಊದಿ ಊದಿ ಶ್ವಾಸನಾಳ ಹಿಗ್ಗಿಹೋಗಿದೆ ಅಂದುಕೊಂಡೆ. ಕ್ಲಾರಿಥ್ರೊಮೈಸಿನ್ ಅಂತ ಆಂಟಿಬಯೋಟಿಕ್. ಜೂನ್ ಹದಿನೈದರಿಂದ ಎಂಟು ವಾರ. ಆಗಸ್ಟ್ ಹತ್ತಕ್ಕೆ ಮುಗೀತು." ಯಾಳಿನಿ ತನ್ನ ಪುಸ್ತಕ ತೆರೆದು ತೋರಿಸಿದಳು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. "ಅದು ಒಳ್ಳೇ ಔಷಧಿ ಅಕ್ಕಾ. ಪಂಪೂ ಒಳ್ಳೇದೇ. ಎರಡೂ ಒಂದೇ ಮೈಯಲ್ಲಿ ಸೇರಿದ್ರೆ ಪಂಪಿನ ಸ್ಟೀರಾಯ್ಡು ಕರಗೋದೇ ಇಲ್ಲ. ದಿನದಿನಕ್ಕೆ ಏರುತ್ತೆ. ಮುಖ ಚಂದ್ರನ ಹಾಗೆ ಊದುತ್ತೆ, ಚರ್ಮ ಕಂದುತ್ತೆ."

"ಮುಖ ಊದಿದ್ದನ್ನ ನೀನು ನೋಡಲಿಲ್ವಾ?"

"ನೋಡಿದೆ. ಔಷಧಿ ಹತ್ತಿದೆ, ಮೈ ತುಂಬ್ಕೊಂಡಿದೆ ಅಂದುಕೊಂಡೆ. ನಾಗಸ್ವರದೋನ ಕೆನ್ನೆ ಯಾವತ್ತು ಒಳಗೆ ಹೋಗಿತ್ತು ಹೇಳಿ? ಹುಟ್ಟಿದಾಗಿಂದ ನೋಡಿದ್ದೀನಿ ಆ ಕೆನ್ನೆ. 'ಚೆನ್ನಾಗಾಗಿದೀರ ದೊಡ್ಡಪ್ಪಾ' ಅಂತ ಹಿಂಡಿದೆ."

ಇಲ್ಲಿಯವರೆಗೆ ನೆಟ್ಟಗಿದ್ದ ಅವಳ ದನಿ ಒಡೆಯಿತು. ಅವಳು ಮೇಜಿನ ಮೇಲಿದ್ದ ಸ್ಟೆತಾಸ್ಕೋಪನ್ನು ಸುಮ್ಮನೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಆದ್ರೆ ಪಂಪೇ ಇರಲಿಲ್ಲವಲ್ಲ ಅಕ್ಕಾ. ಇದ್ದಿದ್ರೆ ಅಲ್ವಾ?"

ಪೂಂಗೊಡಿ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಹಲಸಿನ ಮರದ್ದು, ಗೇಣುದ್ದ. ಸಿಂಗಾರವೇಲು ಬಾಯಿಗಿಟ್ಟು ಊದುವ ಸೀವಾಳಿಗಳನ್ನು ಇಡುತ್ತಿದ್ದ ಡಬ್ಬಿ. ಇಪ್ಪತ್ತರ ಸಂಜೆ ಕದಿರವನ್ನನ ಕೈಯಿಂದಲೇ ಅವಳು ಅದನ್ನು ವಶಪಡಿಸಿಕೊಂಡಿದ್ದಳು. ಮುಚ್ಚಳದ ಒಳಮೈಗೆ ಕಿರುಬೆರಳಗಲದ ಒಂದು ಚೀಟಿ ಅಂಟಿಕೊಂಡಿತ್ತು. ಕುಂಭಕೋಣದ ಒಂದು ಔಷಧಿ ಅಂಗಡಿಯದು. ಫ್ಲುಟಿಕಾಸೋನ್, ದಿನಕ್ಕೆರಡು ಸಲ. ಕೆಳಗೆ ಹೆಸರು: ಕಲಿಯಪೆರುಮಾಳ್.

"ನಿಮ್ಮಪ್ಪನಿಗೆ ಉಬ್ಬಸ ಇದೆಯಾ ಯಾಳಿನಿ?"

"ಅಪ್ಪಂಗಾ?" ಅವಳಿಗೆ ನಗುವೇ ಬಂತು. "ನಾಲ್ಕು ಗಂಟೆ ತವಿಲು ಕುಟ್ಟಿ, ಎಂಟು ಇಡ್ಲಿ ಮುಗಿಸಿ, ಮಲಗಿದ್ರೆ ಗೊರಕೆಗೆ ಹೆಂಚು ಹಾರುತ್ತೆ. ಅವರಿಗೆ ನೆಗಡಿ ಆಗಿದ್ದೂ ನಾನು..."

ನಗು ಅರ್ಧಕ್ಕೇ ನಿಂತಿತು. ಚೀಟಿಯನ್ನು ಅವಳು ಇನ್ನೊಮ್ಮೆ ಓದಿದಳು.

ಆ ನಾಡಿನಲ್ಲಿ ನಾಗಸ್ವರದವನು ಸಾಲ ಇದೆ ಎಂದು ಹೇಳಿಕೊಂಡಾನು, ಸಕ್ಕರೆ ಕಾಯಿಲೆ ಇದೆ ಎಂದೂ ಹೇಳಿಕೊಂಡಾನು. ಉಸಿರು ಕಟ್ಟುತ್ತದೆ ಎಂದು ಮಾತ್ರ ಹೆಂಡತಿಯ ಮುಂದೆಯೂ ಹೇಳಲಾರ. ಹೇಳಿದ ದಿನವೇ ದೇವಸ್ಥಾನದವರು ಬೇರೆಯವರನ್ನು ಗೊತ್ತು ಮಾಡುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ನಡುವೆ ತುಂಡಾದರೆ ಅಪಶಕುನ ಎಂದು ಹೆಣ್ಣಿನ ಕಡೆಯವರು ಅಡ್ವಾನ್ಸ್ ಹಿಂದಕ್ಕೆ ಕೇಳುತ್ತಾರೆ.

"ಕೇಳಿದ್ದೆ ಅಕ್ಕಾ," ಎಂದಳು ಯಾಳಿನಿ ಮೆಲ್ಲಗೆ. "ಬಂದಾಗಲೆಲ್ಲ ಕೇಳಿದ್ದೆ. 'ಬೇರೆ ಏನಾದ್ರೂ ಔಷಧಿ ತಗೋತೀರಾ ದೊಡ್ಡಪ್ಪಾ?' ಅಂತ. 'ವೀಳ್ಯದೆಲೆ ಬಿಟ್ರೆ ಏನೂ ಇಲ್ಲ ಕಂದಾ' ಅಂತಿದ್ರು."

"ಆಗ ಜೊತೆಗೆ ಯಾರಿರ್ತಿದ್ರು?"

ಯಾಳಿನಿ ಗೋಡೆಗೆ ಒರಗಿಸಿದ್ದ ಮರದ ಬೆಂಚನ್ನು ನೋಡಿದಳು.

"ಅಪ್ಪ. ಅಲ್ಲೇ ಕೂತಿರ್ತಿದ್ರು."

ಫ್ಯಾನಿನ ಗಾಳಿಗೆ ವರದಿಯ ಹಾಳೆಗಳು ಎದ್ದೆದ್ದು ಬೀಳುತ್ತಿದ್ದವು. ಎರಡು ಔಷಧಿ, ಎರಡು ಹೆಸರು. ಕುಂಭಕೋಣದ ಅಂಗಡಿಯವನಿಗೆ ಕಲಿಯಪೆರುಮಾಳನ ಉಬ್ಬಸ ಗೊತ್ತು. ಇಲ್ಲಿಯ ಡಾಕ್ಟರಿಗೆ ಸಿಂಗಾರವೇಲುವಿನ ಸೋಂಕು ಗೊತ್ತು. ಒಂದೇ ಹೆಸರಿನಲ್ಲಿ ಎರಡೂ ಬರೆದಿದ್ದರೆ ಓದು ಬರುವ ಯಾರಾದರೂ ಬೆಚ್ಚಿಬೀಳುತ್ತಿದ್ದರು.

"ಪಂಪು ಡಬ್ಬಿಯಲ್ಲಿ ಇರಲಿಲ್ಲ," ಎಂದಳು ಪೂಂಗೊಡಿ. "ಮನೇಲೂ ಇಲ್ಲ."

ಯಾಳಿನಿ ಕಣ್ಣೊರೆಸಿಕೊಂಡು ಡಾಕ್ಟರಾದಳು. "ಹಾಗಾದ್ರೆ ಅದನ್ನೇ ಹುಡುಕಬೇಕು. ಎರಡೂ ಸೇರಿದ್ದಕ್ಕೇ ಅವರು ಸಾಯಲಿಲ್ಲ ಅಕ್ಕಾ. ಮಾತ್ರೆ ಹತ್ತಕ್ಕೆ ಮುಗೀತು. ಪಂಪು ಇದ್ದಿದ್ರೂ ಸ್ವಲ್ಪ ಸ್ವಲ್ಪ ಆಧಾರ ಇರ್ತಿತ್ತು. ಅದೂ ಧುತ್ತಂತ ನಿಂತುಹೋಗಿದೆ. ಒಳಗಿನ ಗ್ರಂಥಿ ಮಲಗಿತ್ತು, ಹೊರಗಿಂದು ನಿಂತಿತು, ಮೇಲೆ ಜ್ವರ ಬಂತು. ಪಂಪು ಯಾರು ನಿಲ್ಲಿಸಿದ್ರು?"

"ನಿಮ್ಮಪ್ಪನ್ನ ಕೇಳ್ತೀನಿ. ಬರ್ತೀಯಾ?"

"ಇಲ್ಲ," ಎಂದಳು ಯಾಳಿನಿ. "ನಾನು ಆ ಬೆಂಚನ್ನ ನೋಡ್ಕೊಂಡು ಇಲ್ಲೇ ಇರ್ತೀನಿ."

*

ಕಲಿಯಪೆರುಮಾಳ್ ಮನೆಯ ಜಗಲಿಯ ಮೇಲೆ ಕೂತು ಬೆರಳಿಗೆ ಗೂಡು ಸುತ್ತಿಕೊಳ್ಳುತ್ತಿದ್ದರು. ಬಟ್ಟೆಯ ಪಟ್ಟಿಯನ್ನು ಮೈದಾ ಅಂಟಿನಲ್ಲಿ ಅದ್ದಿ ಬಲಗೈ ಬೆರಳುಗಳಿಗೆ ಸುತ್ತಿ, ಕಲ್ಲಿನಂತೆ ಒಣಗುವವರೆಗೆ ಕಾಯಬೇಕು. ಅದಿಲ್ಲದೆ ತವಿಲಿಗೆ ಕೈ ಹಾಕಿದರೆ ಬೆರಳು ಒಡೆಯುತ್ತದೆ. ನಡುವೆ ಎದ್ದರೆ ಸುತ್ತಿದ್ದೆಲ್ಲ ಹಾಳು.

"ಬಾಮ್ಮಾ, ಕೂತ್ಕೊ," ಎಂದರು ಅವರು. "ನಾಳೆ ಮಾಯವರಂನಲ್ಲಿ ಮದುವೆ. ಮಾತು ಕೊಟ್ಟಾಗಿತ್ತು. ಯಾವನೋ ಹುಡುಗ ಊದ್ತಾನಂತೆ, ನಾನು ಕುಟ್ಟಬೇಕಂತೆ. ಮೂವತ್ತೈದು ವರ್ಷದ ಮೇಲೆ ಎರಡನೇ ಮದುವೆ ಮಾಡ್ಕೊಂಡ ಹಾಗಿದೆ."

ನಗಿಸಲು ಆಡಿದ ಮಾತು. ಆಡಿದವರ ಕಣ್ಣು ಮಾತ್ರ ಅತ್ತೂ ಅತ್ತೂ ಕೆಂಪಾಗಿತ್ತು.

ಪೂಂಗೊಡಿ ಸೀವಾಳಿ ಡಬ್ಬಿಯನ್ನು ಅವರ ಮುಂದಿಟ್ಟು ಮುಚ್ಚಳ ತೆರೆದಳು.

"ಮಾಮ, ನಿಮಗೆ ಉಬ್ಬಸ ಯಾವಾಗಿಂದ?"

ಅವರು ಚೀಟಿ ನೋಡಿದರು. "ಹನ್ನೊಂದು ವರ್ಷ ಆಯ್ತು ತಾಯಿ."

"ಒಂದು ಸಲ ಕೆಮ್ಮಿ ತೋರ್ಸಿ."

ಮುದುಕರು ಕೆಮ್ಮಿದರು. ಮದುವೆಯಲ್ಲಿ ಬೀಗರು ಗಂಟಲು ಸರಿಮಾಡಿಕೊಂಡ ಹಾಗಿತ್ತು.

"ನಿಮ್ಮ ಮಗಳ ಹತ್ರದಿಂದ ಬರ್ತಾ ಇದೀನಿ. ನಿಮಗೆ ನೆಗಡಿ ಆಗಿದ್ದೂ ಅವಳು ಕಂಡಿಲ್ಲವಂತೆ."

ಕಲಿಯಪೆರುಮಾಳರ ಕೈ ನಿಂತಿತು. ಅರ್ಧ ಸುತ್ತಿದ ಪಟ್ಟಿ ಉಂಗುರಬೆರಳಿನಿಂದ ಜೋತುಬಿತ್ತು.

"ಅವಳಿಗೆ ಗೊತ್ತಾಯ್ತಾ?"

"ಅರ್ಧ ಗೊತ್ತಾಗಿದೆ. ಇನ್ನರ್ಧ ನೀವು ಹೇಳಿ. ಈ ಗಂಟೆಗೆ ಆ ಹುಡುಗ ಲಾಕಪ್ಪಿನಲ್ಲಿದ್ದಾನೆ ಮಾಮ. ನಾಲ್ಕಕ್ಕೆ ಜೀಪು ಹತ್ತಿಸಬೇಕು."

ಅವರು ಬೀದಿಯತ್ತ ನೋಡಿದರು. ಎದುರುಮನೆಯ ಹೆಂಗಸು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಕಿವಿ ಇತ್ತ ಕೊಟ್ಟಿದ್ದಳು. ಅವಳು ಒಳಗೆ ಹೋದ ಮೇಲೆ ಮುದುಕರು ಮಾತಾಡಿದರು.

"ಹನ್ನೊಂದು ವರ್ಷದ ಹಿಂದೆ, ಅಮ್ಮನವರ ಉತ್ಸವದಲ್ಲಿ. ಸಿಂಗಾರವೇಲು ತೋಡಿ ರಾಗ ಎತ್ಕೊಂಡಿದ್ದ. ನಡುವೆ ಉಸಿರು ಸಿಕ್ಕಲಿಲ್ಲ. ತುಟಿ ನೀಲಿ ಆಯ್ತು. ನಾನು ನೋಡಿದವನೇ ತವಿಲಿನಲ್ಲಿ ಒಬ್ಬನೇ ತನಿ ಶುರು ಮಾಡಿದೆ. ಕಾಲು ಗಂಟೆ ಕುಟ್ಟಿದೆ. ಜನ ಚಪ್ಪಾಳೆ ಹೊಡೆದ್ರು, ಕಲಿಯಪೆರುಮಾಳಿಗೆ ಇವತ್ತು ದೇವರು ಬಂದಿದೆ ಅಂದ್ರು. ಅವನು ನನ್ನ ಬೆನ್ನ ಹಿಂದೆ ಬಗ್ಗಿ ಉಸಿರು ಹುಡುಕ್ತಾ ಇದ್ದ."

"ಆಮೇಲೆ?"

"ಕುಂಭಕೋಣದಲ್ಲಿ ಡಾಕ್ಟರಿಗೆ ತೋರ್ಸಿದ್ವಿ. ನನ್ನ ಹೆಸರು ಬರೆಸಿದ. ಯಾರಿಗೂ ಹೇಳಲ್ಲ ಅಂತ ತವಿಲಿನ ಮೇಲೆ ಕೈ ಇಡಿಸಿದ. ತಿಂಗಳಿಗೊಂದು ಸಲ ಬಸ್ಸು ಹತ್ತಿ ಹೋಗಿ ನಾನೇ ತರ್ತಿದ್ದೆ. ಅಂಗಡಿಯವನು 'ಹೇಗಿದೆ ಅಯ್ಯಾ ನಿಮ್ಮ ಉಬ್ಬಸ' ಅಂತ ಕೇಳ್ತಿದ್ದ. ನಾನು 'ಪರವಾಗಿಲ್ಲ ತಂಬಿ' ಅಂತಿದ್ದೆ."

ಪೂಂಗೊಡಿಗೆ ತನ್ನ ಮದುವೆ ನೆನಪಾಯಿತು. ಇದೇ ಇಬ್ಬರು ಬಂದಿದ್ದರು. ತಾಳಿಯ ಮೂರು ಗಂಟು ಬೀಳುವವರೆಗೆ ಸಿಂಗಾರವೇಲು ಒಂದೇ ಸ್ವರ ಹಿಡಿದು ನಿಂತಿದ್ದರು. ಆ ಮದುವೆ ಮೂರು ವರ್ಷವೂ ಬಾಳಲಿಲ್ಲ, ಗಂಡ ಬಸ್ಸಿನಡಿ ಹೋದ. ಆ ಸ್ವರ ಮಾತ್ರ ಅವಳ ಕಿವಿಯಲ್ಲಿ ಉಳಿದಿತ್ತು. ಅದು ಯಾರ ಹೆಸರಿನಲ್ಲಿ ಕೊಂಡ ಉಸಿರು ಎಂಬುದು ಅವಳಿಗೆ ಇವತ್ತು ತಿಳಿಯಿತು.

"ಯಾಳಿನಿ ಕೇಳಿದಾಗ ಬೆಂಚಿನ ಮೇಲೆ ಇದ್ರಲ್ಲ ಮಾಮ. ಹೆತ್ತ ಮಗಳು ಕೇಳಿದ್ಲು. ಒಂದು ಮಾತು ಬಿಡಬಾರದಿತ್ತಾ?"

"ಬಾಯಿಗೆ ಬಂತು. ಅವನು ನನ್ನ ತೊಡೆ ಮೇಲೆ ಕೈ ಇಟ್ಟ. ಕಛೇರೀಲಿ ನಾನು ಓಡಿದಾಗ ತಡೀತಾನಲ್ಲ, ಹಾಗೆ." ಅಂಟು ಮೆತ್ತಿದ ಕೈಯಿಂದ ಅವರು ತೊಡೆ ತಟ್ಟಿಕೊಂಡರು. ಪಂಚೆಯ ಮೇಲೆ ಐದು ಬೆರಳಿನ ಗುರುತು ಮೂಡಿತು. "ನಿಂತುಬಿಟ್ಟೆ. ಮೂವತ್ತೈದು ವರ್ಷದ ಅಭ್ಯಾಸ ತಾಯಿ. ಅವನು ತಡೆದ್ರೆ ನಾನು ನಿಲ್ತೀನಿ."

ಕಣ್ಣೀರು ಇಳಿಯಿತು. ಅಂಟಿನ ಕೈಯಲ್ಲಿ ಒರೆಸಿಕೊಳ್ಳಲು ಆಗಲಿಲ್ಲ. ಪೂಂಗೊಡಿ ತನ್ನ ಕರವಸ್ತ್ರದಿಂದ ಒರೆಸಿದಳು. ಕೇಳುವುದು ಇನ್ನೂ ಬಾಕಿ ಇತ್ತು.

"ಪಂಪು ಎಲ್ಲಿದೆ?"

ಮುದುಕರು ಗದ್ದದಿಂದ ಒಳಗೆ ತೋರಿಸಿದರು. ಮೂಲೆಯಲ್ಲಿ ತವಿಲು ಗವಸು ಹೊದ್ದು ಕೂತಿತ್ತು. ಗವಸಿನ ಜೇಬಿನಲ್ಲಿ ಕೈಹಾಕಿದಾಗ ಪೂಂಗೊಡಿಯ ಬೆರಳಿಗೆ ತಣ್ಣನೆಯ ಪ್ಲಾಸ್ಟಿಕ್ ತಗುಲಿತು. ಪಂಪಿನ ಬೆನ್ನ ಮೇಲಿನ ಚಿಕ್ಕ ಕಿಂಡಿಯಲ್ಲಿ ಅಂಕಿ ಕಾಣುತ್ತಿತ್ತು. ಅರವತ್ತನಾಲ್ಕು. ಇನ್ನೂ ಅರವತ್ತನಾಲ್ಕು ಎಳೆತಕ್ಕೆ ಆಗುವಷ್ಟು ಅದರಲ್ಲಿತ್ತು.

"ಇದು ನಿಮ್ಮ ಹತ್ರ ಹೇಗೆ ಬಂತು?"

"ಹನ್ನೆರಡನೇ ತಾರೀಖು ತೈಯಲ್ ಅತ್ತಿಗೆ ಡಬ್ಬಿ ಒರೆಸೋಕೆ ಹೋಗಿ ಇದನ್ನ ಕಂಡ್ರಂತೆ. ಪಾಪ, ಆ ಮಹಾತಾಯಿಗೆ ಗಂಡನ ಉಬ್ಬಸ ಇವತ್ತಿಗೂ ಗೊತ್ತಿಲ್ಲ. ನನ್ನ ಹೆಸರು ನೋಡಿದ್ರು. 'ಕಲಿಯನ ಸಾಮಾನು ನಮ್ಮನೇಲಿ ಉಳಿದಿದೆ, ಕೊಟ್ಟು ಬಾ' ಅಂತ ಕದಿರವನ್ ಕೈಲಿ ಕಳಿಸಿದ್ರು."

"ಕದಿರವನ್ ತಂದುಕೊಟ್ಟ. ಸರಿ. ನೀವು ಗೆಳೆಯನಿಗೆ ಯಾಕೆ ವಾಪಸ್ ಕೊಡಲಿಲ್ಲ?"

ಕಲಿಯಪೆರುಮಾಳ್ ಜೋತುಬಿದ್ದ ಪಟ್ಟಿಯನ್ನು ಮತ್ತೆ ಬೆರಳಿಗೆ ಸುತ್ತತೊಡಗಿದರು.

"ಎಂಟು ದಿನ ಮಾಮ. ಎಂಟು ದಿನ ಇದು ನಿಮ್ಮ ತವಿಲಿನ ಜೇಬಿನಲ್ಲಿತ್ತು. ಅವರು ಕೇಳಲಿಲ್ವಾ?"

"ಕೇಳ್ದ." ಈಗ ಅವರ ದನಿ ಕಿವಿಗೆ ಬೀಳುವುದೇ ಕಷ್ಟವಾಯಿತು. "ಮೂರು ಸಂಜೆ ಬಂದ. ನೀನು ಕೂತಿದೀಯಲ್ಲ, ಅಲ್ಲೇ ಕೂತ. ಬಾಯಿ ಬಿಟ್ಟು ಕೇಳಲ್ಲ ಅವನು. ವೀಳ್ಯಕ್ಕೆ ಕೈ ಚಾಚೋ ಹಾಗೆ ಕೈ ಚಾಚ್ದ. ಅಂಗಡೀಲಿ ಸ್ಟಾಕ್ ಇಲ್ವಂತೆ, ಬಂದ ಮೇಲೆ ತರ್ತೀನಿ ಅಂದೆ. ಆ ಕೈಗೆ ಎರಡು ವೀಳ್ಯದೆಲೆ ಹಾಕಿ ಕಳಿಸ್ದೆ."

ಪೂಂಗೊಡಿ ಪಂಪನ್ನು ಡಬ್ಬಿಯ ಪಕ್ಕದಲ್ಲಿಟ್ಟಳು. ಇಂಥ ಹೊತ್ತಿನಲ್ಲಿ ಕೋಪ ಬಂದಿದ್ದರೆ ಒಳ್ಳೆಯದಿತ್ತು. ಅವಳಿಗೆ ಬಂದಿದ್ದು ಕೋಪವಲ್ಲ.

"ಯಾಕೆ ಹಾಗೆ ಮಾಡಿದ್ರಿ?"

"ಮೈ ನೋಡಿದ್ಯೇನಮ್ಮ ಅವನದು? ಮುಟ್ಟಿದ ಕಡೆಯೆಲ್ಲ ರಕ್ತ ಕಟ್ಟೋದು. ತವಿಲಿನ ಪಟ್ಟಿ ತಾಗಿದ್ರೆ ಸಾಕು, ತೊಗಲು ಕಿತ್ತು ಬರೋದು. ಪಕ್ಕದಲ್ಲೇ ಊದೋ ಕದಿರವನ್ ಪಂಪು ಎಳೆಯೋದನ್ನ ಕಂಡಿದ್ನಂತೆ. ಅಳ್ತಾ ಹೇಳ್ದ, ಮಾಮ, ಇದೆಲ್ಲ ಈ ಪಂಪಿನಿಂದ್ಲೇ, ಇದನ್ನ ಎಳೆದು ಎಳೆದು ಊದಿ ಸಾಯ್ತಾರೆ, ಇದು ಇಲ್ದಿದ್ರೆ ಊದಲ್ಲ, ಊದ್ದಿದ್ರೆ ಮಲಗ್ತಾರೆ, ಮಲಗಿದ್ರೆ ಬದುಕ್ತಾರೆ ಅಂತ. ಹತ್ತು ದಿನ ನಿಮ್ಮ ಹತ್ರ ಇರಲಿ ಅಂದ. ನನಗೂ ಸರಿ ಅನ್ನಿಸ್ತು." ಅವರು ತಲೆ ಎತ್ತಿದರು. "ಮಾಮನ ಮೇಲೆ ಹುಡುಗ ಕೂಗಾಡಿದ್ದೂ ಅದಕ್ಕೇ. ಸಿಂಗಾರವೇಲು ಜ್ವರ ಇಟ್ಕೊಂಡು ಮದುವೆಗೆ ಹೊರಟಿದ್ದ. ಊದಬೇಡಿ ಅಂತ ಹುಡುಗ ವಾದ್ಯ ಕಿತ್ಕೊಂಡ. ಊರು ಕೇಳಿದ್ದು ಅಷ್ಟನ್ನೇ."

"ನಿಲ್ಲಿಸಿದ್ರೆ ಪ್ರಾಣ ಹೋಗುತ್ತೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ."

"ಗೊತ್ತಿದ್ರೆ ನನ್ನ ಉಸಿರು ಕೊಡ್ತಿದ್ದೆನಲ್ಲ ತಾಯಿ. ನನ್ನನ್ನ ಕರ್ಕೊಂಡು ಹೋಗು. ಬಚ್ಚಿಟ್ಟವನು ನಾನು, ಸುಳ್ಳು ಹೇಳಿದವನು ನಾನು. ಆ ಮನೇಲಿ ಊದೋಕೆ ಉಳಿದಿರೋ ಉಸಿರು ಆ ಹುಡುಗನದೊಂದೇ. ಅದನ್ನ ಬಿಟ್ಬಿಡು."

ಪೂಂಗೊಡಿ ಎದ್ದು ಅಂಗಳಕ್ಕಿಳಿದು ಸ್ಟೇಷನ್ನಿಗೆ ಫೋನು ಮಾಡಿದಳು. ಗಂಟೆ ಎರಡೂವರೆ. ರೈಟರ್ ಅಂತೋಣಿಸಾಮಿ ಒಂದೇ ರಿಂಗಿಗೆ ಎತ್ತಿದ.

"ಜೀಪು ಹೊರಡಿಸಬೇಡ. ಹುಡುಗನಿಗೆ ಊಟ ಕೊಡು, ತಿನ್ನೋವರೆಗೂ ಮುಂದೆ ಕೂತ್ಕೊ."

"ಬಿಟ್ಟುಬಿಡೋದಾ ಮೇಡಂ? ಸಾಹೇಬ್ರು ಎರಡು ಸಲ ಫೋನ್ ಮಾಡಿದ್ರು."

"ಹೇಳಿಕೆ ಬರ್ಕೊಂಡು ಹತ್ತು ನಿಮಿಷದಲ್ಲಿ ನಾನೇ ಮಾಡ್ತೀನಿ."

ಅವಳ ಎದೆಯ ಮೇಲಿಂದ ಮೂರು ದಿನದ ಕಲ್ಲು ಇಳಿದಿತ್ತು. ಅದರ ಜಾಗದಲ್ಲಿ ಇನ್ನೊಂದು ಕೂತಿತ್ತು, ಆದರೆ ಅದು ಅತ್ತು ಇಳಿಸಬಹುದಾದ ಕಲ್ಲು. ಪ್ರೀತಿಸಿದವರೆಲ್ಲ ಸೇರಿ ಒಬ್ಬನನ್ನು ಕೊಂದಿದ್ದರು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಯಾವ ಕಲಂ ಹಾಕುವುದೋ ಅವಳಿಗೆ ತಿಳಿಯಲಿಲ್ಲ. ಕೊಲೆಯ ಕಲಮಂತೂ ಅಲ್ಲ.

ವಾಪಸು ಬಂದು ಕೂತು ಕಾಗದ ಬಿಚ್ಚಿದಳು. "ಪಂಪು ಡಬ್ಬಿಯಲ್ಲಿ ಎಲ್ಲಿರ್ತಿತ್ತು ಮಾಮ? ನಾನು ನೋಡಿದಾಗ ಸೀವಾಳಿ ಬಿಟ್ಟು ಬೇರೆ ಜಾಗವೇ ಕಾಣಲಿಲ್ಲ."

"ತಳದ ಮಖಮಲ್ಲು ಎತ್ತು. ಕೆಳಗೆ ಚಾಕುವಿನಲ್ಲಿ ಹಳ್ಳ ತೋಡ್ಕೊಂಡಿದ್ದ ಕಳ್ಳ."

ಅವಳು ಉಗುರಿನಿಂದ ಮಖಮಲ್ಲಿನ ಅಂಚು ಎತ್ತಿದಳು. ಪಂಪಿನ ಅಳತೆಗೆ ಕೊರೆದ ಹಳ್ಳ ಅಲ್ಲಿತ್ತು. ಹಳ್ಳದಲ್ಲಿ ನಾಲ್ಕಾಗಿ ಮಡಿಸಿದ ಒಂದು ತೆಳು ಕಾಗದವೂ ಇತ್ತು.

ಔಷಧಿಯ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರಲ್ಲ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದ ಕಾಗದ, ಯಾರೂ ಓದದೆ ಬಿಸಾಕುವಂಥದ್ದು. ಇದನ್ನು ಯಾರೋ ಓದಿದ್ದರು. ಪೆನ್ಸಿಲಿನಲ್ಲಿ ಎರಡು ಕಡೆ ಗೆರೆ ಎಳೆದಿತ್ತು. ಮೊದಲನೆಯದು ನೀಲಿ: ಕ್ಲಾರಿಥ್ರೊಮೈಸಿನ್ ಮುಂತಾದ ಔಷಧಿಗಳ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಸ್ಟೀರಾಯ್ಡ್ ಏರಬಹುದು. ಎರಡನೆಯದು ಕೆಂಪು, ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು: ಇದ್ದಕ್ಕಿದ್ದಂತೆ ನಿಲ್ಲಿಸಬಾರದು, ಪ್ರಾಣಾಪಾಯವಾಗಬಹುದು.

ಒಂದು ತುದಿ ನೀಲಿ, ಒಂದು ತುದಿ ಕೆಂಪು ಇರುವ ಪೆನ್ಸಿಲನ್ನು ಪೂಂಗೊಡಿ ಕಂಡಿದ್ದಳು. ಲಾಕಪ್ಪಿಗೆ ಹಾಕುವ ಮೊದಲು ಕದಿರವನ್ನನ ಅಂಗಿಯ ಜೇಬಿನಿಂದ ತೆಗೆದಿಟ್ಟಿದ್ದಳು. ಅವನ ಸ್ವರಲಿಪಿಯ ಪುಸ್ತಕವನ್ನೂ ಕಂಡಿದ್ದಳು. ಸ್ಥಾಯಿ ಏರುವಲ್ಲಿ ಕೆಂಪು, ಇಳಿಯುವಲ್ಲಿ ನೀಲಿ. ಪ್ರತಿ ಪಾಠದ ಬಲಮೂಲೆಯಲ್ಲಿ, ಮಾಮ ಹೇಳಿಕೊಟ್ಟ ದಿನ.

ಕಾಗದದ ಬಲಮೂಲೆಯಲ್ಲಿಯೂ ಒಂದು ತಾರೀಖು ಇತ್ತು. ಆಗಸ್ಟ್ ಹದಿನಾರು.

ಅವಳು ಎರಡು ಸಲ ಓದಿದಳು. ಸಿಂಗಾರವೇಲು ಸತ್ತದ್ದು ಇಪ್ಪತ್ತಕ್ಕೆ. ಆ ಕೆಂಪು ಗೆರೆ ಎಳೆದು ನಾಲ್ಕು ದಿನದ ಮೇಲೆ.

"ಮಾಮ," ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. "ಪಂಪು ಕೊಟ್ಟು ಹೋದ ಮೇಲೆ ಕದಿರವನ್ ಅದನ್ನ ವಾಪಸ್ ಕೇಳೋಕೆ ಬಂದಿದ್ನಾ?"

"ಇಲ್ವಲ್ಲ. ಆಮೇಲೆ ಅವನು ಈ ಕಡೆ ತಲೆ ಹಾಕಲಿಲ್ಲ."

"ಹದಿನಾರಕ್ಕೆ? ಹದಿನೇಳಕ್ಕೆ?"

"ಇಲ್ಲಮ್ಮ. ಒಂದು ದಿನವೂ..."

ಕಲಿಯಪೆರುಮಾಳರ ಕಣ್ಣು ಕಾಗದಕ್ಕೆ ಬಿತ್ತು. ಮೇಲಿನ ನೀಲಿ, ಕೆಳಗಿನ ಕೆಂಪು, ಮೂಲೆಯ ಅಂಕಿ. ಇಂಗ್ಲಿಷ್ ಬಾರದಿದ್ದರೂ ಆ ಗೆರೆಗಳು ಅವರಿಗೆ ಗೊತ್ತಿದ್ದವು. ಆ ಹುಡುಗ ಪಾಠ ಬರೆಯುವುದನ್ನು ಅವರು ಹತ್ತು ವರ್ಷ ನೋಡಿದ್ದರು. ಅವರ ಮುಖದ ಬಣ್ಣ ಇಳಿಯಿತು. ಗೂಡು ಸುತ್ತಿದ ಕೈ ಮೆಲ್ಲಗೆ ಬಂದು ಕಾಗದದ ಮೇಲೆ ಕೂತಿತು. ಹಸಿ ಅಂಟು ತಾರೀಖಿನ ಮೇಲೆ ಹರಡಿತು.

"ಅದು ನಾನು ಗೀಚಿದ್ದು," ಎಂದರು.

ಪೂಂಗೊಡಿ ಅವರ ಮಣಿಕಟ್ಟು ಹಿಡಿದು ಕೈಯನ್ನು ಪಕ್ಕಕ್ಕಿಟ್ಟಳು.

"ಏನು ಬರೆದಿದೆ, ಓದಿ ಹೇಳಿ ಮಾಮ."

ಮುದುಕರು ಕಾಗದದತ್ತ ಬಗ್ಗಿದರು. ಎಡದಿಂದ ಬಲಕ್ಕೆ ಕಣ್ಣು ಹರಿಸಿದರು, ಇನ್ನೊಮ್ಮೆ ಹರಿಸಿದರು. ತುಟಿ ಅಲುಗಿತು, ಅಕ್ಷರ ಹೊರಗೆ ಬರಲಿಲ್ಲ.

"ಕಣ್ಣು ಸರಿಯಾಗಿ ಕಾಣಲ್ಲ ತಾಯಿ. ಆದ್ರೆ ಬರೆದವನು ನಾನೇ."

ಫೋನು ಹೊಡೆದುಕೊಂಡಿತು. ಅಂತೋಣಿಸಾಮಿ.

"ಮೇಡಂ, ಹುಡುಗ ಊಟ ಮುಗಿಸ್ದ. 'ತವಿಲ್ ಮಾಮನ ಮನೆಗೆ ಹೋಗಿದಾರಾ, ಡಬ್ಬಿ ತಗೊಂಡು ಹೋಗಿದಾರಾ' ಅಂತ ಕೇಳ್ದ. ಹೌದು ಅಂದೆ. ಅಷ್ಟಕ್ಕೇ ಮುಖ ಮುಚ್ಕೊಂಡು ಅಳ್ತಾ ಕೂತಿದಾನೆ. ಏನ್ ಮಾಡ್ಲಿ? ಬಿಡ್ಲಾ, ಜೀಪು ಹತ್ತಿಸ್ಲಾ?"